ಆರ್ಲಾಂಡಾದಿಂದ ಸ್ಟಾಕ್‌ಹೋಮ್‌ಗೆ: ಎಕ್ಸ್‌ಪ್ರೆಸ್ಸೋ, ಲೋಕಲ್ಲೋ, 583 ಬಸ್ಸೋ?

ಆರ್ಲಾಂಡಾ ಏರ್‌ಪೋರ್ಟು ಸ್ಟಾಕ್‌ಹೋಮ್‌ನಿಂದ ಸುಮಾರು 40 ಕಿ.ಮೀ. ದೂರ. ಮೂರು ಸಲ ಹೋದೆ, ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದೆ.

ಮೊದಲ ಸಲ ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು. ಟರ್ಮಿನಲ್ ಕೆಳಗೇ ಸ್ಟೇಷನ್, 20 ನಿಮಿಷದೊಳಗೆ ಸೆಂಟ್ರಲ್ ಸ್ಟೇಷನ್. ಟಿಕೆಟ್ ಮಾತ್ರ 300 ಕ್ರೋನಾ ದಾಟುತ್ತದೆ. ಆಫೀಸ್ ದುಡ್ಡು ಕೊಟ್ಟಿತ್ತು, ಹಾಗಾಗಿ ಹೊಟ್ಟೆ ಉರಿಯಲಿಲ್ಲ.

ಎರಡನೇ ಸಲ ಸ್ವಂತ ಖರ್ಚು, ಪೆಂಡೆಲ್‌ತೋಗ್ ಹತ್ತಿದೆ, ಅಂದ್ರೆ ಲೋಕಲ್ ರೈಲು. ಎಸ್‌ಎಲ್ ಅಂದ್ರೆ ಸ್ಟಾಕ್‌ಹೋಮ್‌ನ ಬಸ್ಸು, ಲೋಕಲ್ ರೈಲು ನಡೆಸೋ ಸಂಸ್ಥೆ. ಅದರ ಮಾಮೂಲಿ ಟಿಕೆಟ್ 40 ಕ್ರೋನಾ ಚಿಲ್ಲರೆ ಅಷ್ಟೇ ಅಂತ ಖುಷಿಯಾಗಿ ಹೋದರೆ, ಆರ್ಲಾಂಡಾ ಸ್ಟೇಷನ್ ಗೇಟು ದಾಟೋದಕ್ಕೇ ಪ್ರತ್ಯೇಕ ಶುಲ್ಕ, ನಾನು ಕೊಟ್ಟಿದ್ದು 147! ಎಸ್‌ಎಲ್ ಪಾಸ್ ಕೈಲಿದ್ದರೂ ಇದನ್ನು ಕಟ್ಟಲೇಬೇಕು. ಪ್ರಯಾಣ 40 ನಿಮಿಷದ ಆಸುಪಾಸು. ಅತ್ತ ವೇಗವೂ ಇಲ್ಲ, ಇತ್ತ ಅಗ್ಗವೂ ಅಲ್ಲ. ಹೋಟೆಲ್ ಊರೊಳಗಿನ ಓಡೆನ್‌ಪ್ಲಾನ್ ಹತ್ತಿರ ಇದ್ದರೆ ನೇರವಾಗಿ ಅಲ್ಲೇ ಇಳಿಯಬಹುದು, ಅದೊಂದೇ ಲಾಭ.

ಮೂರನೇ ಸಲ ಹೆಂಡತಿ ಜೊತೆಗಿದ್ದಳು. 583 ನಂಬರ್ ಬಸ್ಸಲ್ಲಿ ಏರ್‌ಪೋರ್ಟ್ ಹತ್ತಿರದ ಮಾರ್ಸ್ತಾ ಅನ್ನೋ ಊರಿನ ತನಕ, ಅಲ್ಲಿಂದ ಅದೇ ತರಹದ ಇನ್ನೊಂದು ಲೋಕಲ್ ರೈಲು. ಗೇಟ್ ಶುಲ್ಕ ಇಲ್ಲ, ಬಸ್ಸಿಗೂ ರೈಲಿಗೂ ಸೇರಿ ಒಂದೇ ಎಸ್‌ಎಲ್ ಟಿಕೆಟ್, 75 ನಿಮಿಷ ನಡೆಯುತ್ತದೆ. ಒಟ್ಟು ಒಂದು ಗಂಟೆ ಮೇಲಾಯಿತು, ಜನವರಿ ಚಳಿಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಹತ್ತು ನಿಮಿಷ ನಿಂತು ಅವಳ ಬೈಗುಳ ಕೇಳಿದ್ದೂ ಲೆಕ್ಕಕ್ಕೆ ಸೇರಿಸಿ. ಆದರೆ ರೈಲು ಹೊರಡೋದೇ ಮಾರ್ಸ್ತಾದಿಂದ, ಸೀಟು ಆರಾಮಾಗಿ ಸಿಕ್ಕಿತು. ಇಬ್ಬರಿಗೆ ಎಕ್ಸ್‌ಪ್ರೆಸ್‌ನ ಮಾಮೂಲಿ ಟಿಕೆಟ್ ಲೆಕ್ಕ ಹಾಕಿದರೆ ಉಳಿದದ್ದು 500 ಕ್ರೋನಾಕ್ಕೂ ಜಾಸ್ತಿ. ನನ್ನ ವೋಟು ಇದಕ್ಕೇ.

ಸೂಟ್‌ಕೇಸ್ ಮೂರ್ನಾಲ್ಕಿದ್ದರೆ ಮಾತ್ರ ಬೇಡ. ಲೋಕಲ್ ರೈಲಿನ ಸ್ಟಾಕ್‌ಹೋಮ್ ಸಿಟಿ ಸ್ಟೇಷನ್ ನೆಲದೊಳಗೆ ಬಹಳ ಆಳದಲ್ಲಿದೆ, ಎಸ್ಕಲೇಟರ್ ಮುಗಿಯೋದೇ ಇಲ್ಲ ಅನ್ನಿಸುತ್ತದೆ. ಲಿಫ್ಟ್ ಹುಡುಕಿಕೊಳ್ಳಿ. ಟ್ಯಾಕ್ಸಿ ಬೇಕೇ ಬೇಕಂದ್ರೆ ಹತ್ತೋ ಮೊದಲೇ ರೇಟು ಮಾತಾಡಿ, ಸ್ವೀಡನ್ನಲ್ಲಿ ಟ್ಯಾಕ್ಸಿಗೆ ಸರ್ಕಾರಿ ದರ ಇಲ್ಲ. ಕಿಟಕಿ ಮೇಲಿನ ಹಳದಿ ಚೀಟಿಯಲ್ಲಿ ರೇಟು ಬರೆದಿರುತ್ತದೆ, ಓದಿ.

ಇನ್ನೊಂದು, ಬಸ್ಸಲ್ಲಿ ನಗದು ತಗೊಳ್ಳಲ್ಲ. ವೀಸಾನೋ ಮಾಸ್ಟರ್‌ಕಾರ್ಡೋ ಮುಟ್ಟಿಸಿದರೆ ಸಾಕು. ಆದರೆ ನಮ್ಮ ಬ್ಯಾಂಕ್ ಆಪ್‌ನಲ್ಲಿ ವಿದೇಶದ ಟ್ಯಾಪ್ ಪೇಮೆಂಟನ್ನು ಊರಲ್ಲಿದ್ದಾಗಲೇ ಆನ್ ಮಾಡಿಟ್ಟಿರಿ. ಒಂದು ಕಾರ್ಡಿಗೆ ಒಬ್ಬರೇ. ಇದು ಗೊತ್ತಿಲ್ಲದೆ ನಾನು ಒಂದೇ ಕಾರ್ಡನ್ನು ಎರಡು ಸಲ ಮುಟ್ಟಿಸಿದೆ, ಹಿಂದೆ ಕ್ಯೂ ಬೆಳೆಯಿತು, ಯಾರೂ ಏನೂ ಅನ್ನಲಿಲ್ಲ, ಸುಮ್ನೆ ನೋಡುತ್ತಾ ನಿಂತರು.