ಭೋಸರಿಯಲ್ಲಿ ವಿ-ಕ್ರಾಸ್‌ಗೆ 2 ಇಂಚು ಲಿಫ್ಟ್: ಕೆಲಸ ಹೇಗಿದೆ?

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಈ ಗ್ಯಾರೇಜಿನಲ್ಲಿ ಇಸುಝು ವಿ-ಕ್ರಾಸ್ ಪಿಕಪ್‌ಗೆ 2 ಇಂಚಿನ ಲಿಫ್ಟ್ ಕಿಟ್ (ಗಾಡಿಯನ್ನು ನೆಲದಿಂದ ಎತ್ತರಿಸುವ ಬಿಡಿಭಾಗಗಳು) ಹಾಕುವ ಕೆಲಸ ಅಚ್ಚುಕಟ್ಟು. ಮೆಕ್ಯಾನಿಕ್‌ಗಳು ವಿಜಯಪುರದ ಕಡೆಯವರು. ಏನು ಬಿಚ್ಚುತ್ತಿದ್ದೇವೆ, ಯಾಕೆ ಎಂಬುದನ್ನು ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ.

ಮುಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಹೊಸವು. ಹಳೆಯದರ ಮೇಲೆ ಬರೀ ಸ್ಪೇಸರ್ (ಎತ್ತರಕ್ಕಾಗಿ ಇಡುವ ಬಿಲ್ಲೆ) ಕೂರಿಸಿ ಕಳಿಸುವುದಿಲ್ಲ. ಹಿಂದೆ ಹೊಸ ಲೀಫ್ ಸ್ಪ್ರಿಂಗು (ಪಟ್ಟಿ ಸ್ಪ್ರಿಂಗು), ಅದನ್ನು ಆ್ಯಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟು. ಒಮ್ಮೆ ಬಿಗಿದ ಯು-ಬೋಲ್ಟು ಹಿಗ್ಗಿರುತ್ತದೆ, ಮತ್ತೆ ಹಾಕಿದರೆ ಹಿಡಿತ ನಿಲ್ಲುವುದಿಲ್ಲ.

ತುಂಬಾ ಮೆಚ್ಚಬೇಕಾದದ್ದು ಬುಶ್ (ಸಸ್ಪೆನ್ಶನ್ ಕೀಲುಗಳಲ್ಲಿರುವ ರಬ್ಬರ್ ತೋಳು) ಬೋಲ್ಟು ಬಿಗಿಯುವ ಕ್ರಮ. ಗಾಡಿ ಮೇಲೆತ್ತಿರುವಾಗ ಕೈಬಿಗಿ ಮಾತ್ರ. ಚಕ್ರ ನೆಲಕ್ಕಿಳಿದು, ಗಾಡಿಯನ್ನು ನಾಲ್ಕು ಸಲ ಅದುಮಿ ಕೂರಿಸಿದ ಮೇಲೆಯೇ ನಿಗದಿತ ಬಿಗಿತಕ್ಕೆ ಬಿಗಿಯುವ ಟಾರ್ಕ್ ರೆಂಚು ಹೊರಬರುತ್ತದೆ. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ಬುಶ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟೋ ಕಡೆ ಇದನ್ನೇ ತಪ್ಪುತ್ತಾರೆ.

ಕೊರತೆಯೂ ಇದೆ. ವೀಲ್ ಅಲೈನ್‌ಮೆಂಟ್ ಇಲ್ಲಿಲ್ಲ. ಅದೇ ದಿನ ಬೇರೆ ಕಡೆ ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಹೆಡ್‌ಲೈಟ್ ತಗ್ಗಿಸುವುದನ್ನು ನಾವೇ ಕೇಳಿ ಮಾಡಿಸಬೇಕು. ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿದೆಯೇ ಎಂದು ಎದುರಿಗೇ ನೋಡಿಕೊಳ್ಳಿ.

500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳ ಮರುಬಿಗಿ ಉಚಿತ, ತಪ್ಪಿಸಬೇಡಿ. ತಾಮ್ಹಿಣಿ ಘಾಟಿನ ಮಳೆ, ಕೆಸರಿನಲ್ಲಿ ಓಡಿಸಿ ಬಂದರೆ ತೊಳೆದು ಸಿವಿ ಬೂಟಿನ (ಮುಂದಿನ ಆ್ಯಕ್ಸಲ್ ಕೀಲನ್ನು ಮುಚ್ಚುವ ರಬ್ಬರ್ ಹೊದಿಕೆ) ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ: ಲಿಫ್ಟ್‌ನಿಂದ ಆ್ಯಕ್ಸಲ್ ಓರೆಯಾಗಿ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆ, ಸಣ್ಣ ಸೀಳಿನಿಂದಲೇ ಗ್ರೀಸ್ ಜಿನುಗಿ ಕೆಸರು ಒಳಸೇರುತ್ತದೆ. ಇದೇ ಕಾರಣಕ್ಕೆ 3 ಇಂಚು ಕೇಳಿದರೆ ಇವರು ಒಪ್ಪುವುದಿಲ್ಲ.