ಉಬ್ಬು ಹಲ್ಲಿಗೆ ಕ್ಲಿಪ್: ಕೋಲಾರದ ಕ್ಲಿನಿಕ್ಕೋ, ಬೆಂಗಳೂರಿನ ಸರಕಾರಿ ದಂತ ಕಾಲೇಜೋ?

ನನ್ನ ಇಬ್ಬರು ಮಕ್ಕಳಿಗೂ ಉಬ್ಬು ಹಲ್ಲು. ಮಗನಿಗೆ 2021ರಲ್ಲಿ ಕೋಲಾರದ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕ್ಲಿಪ್ ಹಾಕಿಸಿದೆ. ಮಗಳಿಗೆ 2023ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರಕಾರಿ ದಂತ ಕಾಲೇಜಿನಲ್ಲಿ. ಎರಡೂ ಕಡೆ ಕೊನೆಯವರೆಗೂ ಓಡಾಡಿದವಳು ನಾನೇ. "ಯಾವುದು ವಾಸಿ ಅಕ್ಕಾ?" ಅಂತ ನಮ್ಮ ಬೀದಿಯಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕ್ಲಿನಿಕ್ ಮನೆಯಿಂದ ಹತ್ತು ನಿಮಿಷದ ನಡಿಗೆ. ಒಟ್ಟು 38,000 ರೂಪಾಯಿ, ಕಂತಿನಲ್ಲಿ ಕೊಟ್ಟೆ. ಮೊದಲ ಸಲ ತೋರಿಸಿದ ವಾರದಲ್ಲೇ ತಂತಿ ಹಾಕಿಬಿಟ್ಟರು, ನನಗೂ ಖುಷಿಯಾಯಿತು. ಆಗ ಅವನಿಗೆ 11 ವರ್ಷ, ಎರಡು ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಹಲ್ಲು ಕೀಳದೆಯೇ ಸರಿಮಾಡುತ್ತೇವೆ ಅಂದವರು, ಒಂದು ವರ್ಷ ಕಳೆದ ಮೇಲೆ ಜಾಗ ಸಾಲದು, ಕೀಳಲೇಬೇಕು ಅಂದರು. ಕ್ಲಿಪ್ಪಿನ ತಜ್ಞರು ತಿಂಗಳಿಗೊಂದು ಭಾನುವಾರ ಹೊರಗಿನಿಂದ ಬರುತ್ತಿದ್ದರು. ನಡುವೆ ಮೂವರು ಬದಲಾದರು, ಪ್ರತಿಯೊಬ್ಬರಿಗೂ ನಾನೇ ಮೊದಲಿನಿಂದ ಕಥೆ ಹೇಳಬೇಕಾಯಿತು. ಎರಡು ವರ್ಷದ ಕೆಲಸ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು.

ಮಗಳ ವಿಷಯದಲ್ಲಿ ಮೊದಲು ಊರಿನ ಸರಕಾರಿ ಆಸ್ಪತ್ರೆಗೇ ಹೋದೆ. ಹುಳುಕು ತುಂಬಿ, ಹಲ್ಲು ಕ್ಲೀನ್ ಮಾಡಿ, ಕ್ಲಿಪ್ಪಿಗೆ ದಂತ ಕಾಲೇಜಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಒಸಡು, ಹುಳುಕು ಸರಿಯಿಲ್ಲದ ಬಾಯಿಗೆ ತಂತಿ ಹಾಕಬಾರದಂತೆ. ಆ ಕೆಲಸ ಊರಲ್ಲೇ ಮುಗಿದದ್ದರಿಂದ ಬೆಂಗಳೂರಿನ ಒಂದೆರಡು ಓಡಾಟ ಉಳಿಯಿತು.

ಕಾಲೇಜಿನಲ್ಲಿ ಮೊದಲ ದಿನ ತಂತಿಯ ಮಾತೇ ಇಲ್ಲ. ಪೂರ್ತಿ ದವಡೆಯ ಎಕ್ಸ್‌ರೇ, ಪಕ್ಕದಿಂದ ತಲೆಯ ಎಕ್ಸ್‌ರೇ, ಮುಖದ ಫೋಟೋ, ಹಲ್ಲಿನ ಅಳತೆ. ಪಿ.ಜಿ. ಓದುತ್ತಿದ್ದ ಡಾಕ್ಟರಮ್ಮ ಎಲ್ಲವನ್ನೂ ಪ್ರೊಫೆಸರ್ ಮುಂದೆ ಇಟ್ಟು, ಅವರು ಒಪ್ಪಿದ ಮೇಲೆ ನನ್ನನ್ನು ಕೂರಿಸಿಕೊಂಡು ನಾಲ್ಕು ಹಲ್ಲು ಯಾಕೆ ಕೀಳಬೇಕೆಂದು ಮಗಳ ಹಲ್ಲಿನ ಅಚ್ಚು ತೋರಿಸಿ ವಿವರಿಸಿದರು. ಮಗನ ಸಲ ಇಷ್ಟು ಹೇಳುವವರಿದ್ದರೆ ಅವನ ಒಂದು ವರ್ಷ ಉಳಿಯುತ್ತಿತ್ತು ಎಂದು ಅವತ್ತು ಹೊಟ್ಟೆ ಉರಿಯಿತು. ಕಾಲೇಜಿನಲ್ಲಿ ಕಟ್ಟಿದ್ದು ಕ್ಲಿನಿಕ್ಕಿನ ಲೆಕ್ಕದ ಮುಂದೆ ಸಣ್ಣ ಮೊತ್ತ.

ನಮ್ಮ ಕೋಲಾರದವರಿಗೆ ಇನ್ನೊಂದು ತೊಂದರೆ ಇದೆ, ಬೋರ್‌ವೆಲ್ ನೀರಿನ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ನಮ್ಮ ಎಷ್ಟೋ ಹಳ್ಳಿಗಳ ಬೋರ್‌ವೆಲ್‌ನಲ್ಲಿ ಅದು ದಾಟಿದೆ. ನನ್ನ ಮಕ್ಕಳು ಚಿಕ್ಕಂದಿನಲ್ಲಿ ತವರಿನ ಅಂಥ ನೀರನ್ನೇ ಕುಡಿದವರು, ಇಬ್ಬರ ಹಲ್ಲಿನಲ್ಲೂ ಕಂದು ಕಲೆ. ಅಂಥ ಹಲ್ಲಿಗೆ ಕ್ಲಿಪ್ಪಿನ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮಗನಿಗೆ ಹಲ್ಲಿಗೆ ಅಂಟಿಸಿದ ಬಿಲ್ಲೆ (ಬ್ರಾಕೆಟ್) ಬಿದ್ದಾಗಲೆಲ್ಲ "ಏನು ಕಡಿದೆಯಪ್ಪಾ?" ಎಂದು ಅವನನ್ನೇ ಕೇಳುತ್ತಿದ್ದರು, ನಾನೂ ಅವನನ್ನೇ ಬೈಯುತ್ತಿದ್ದೆ. ಡಾಕ್ಟರಮ್ಮ ಕಲೆ ನೋಡಿದ ಕೂಡಲೇ ಯಾವ ಊರೆಂದು ಕೇಳಿ, ಅಂಟಿಸುವ ಮುಂಚೆ ಹಲ್ಲಿಗೆ ಆಸಿಡ್ ಹಚ್ಚುವ ಹೊತ್ತನ್ನು ಹೆಚ್ಚಿಸಿದರು. ಮಗಳಿಗೆ ಬಿದ್ದದ್ದು ಎರಡೇ. ತಪ್ಪು ಮಗನದಲ್ಲ ಎಂದು ತಿಳಿದ ಆ ಸಂಜೆ ಮನೆಗೆ ಬಂದು ಅವನ ತಲೆ ಸವರಿದೆ.

ಇನ್ನು ಓಡಾಟ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಬಸ್ಸು ಹತ್ತಿದರೆ ವಾಪಸ್ಸು ಬರುವಾಗ ದೀಪ ಹಚ್ಚುವ ಹೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದದ್ದರಿಂದ ನನಗೂ ಮಗಳಿಗೂ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು, ಮೆಜೆಸ್ಟಿಕ್‌ನಿಂದ ಆಸ್ಪತ್ರೆ ಪಕ್ಕದ ಮಾರ್ಕೆಟ್‌ವರೆಗೆ ಬಿಎಂಟಿಸಿ, ಎರಡಕ್ಕೂ ದುಡ್ಡಿಲ್ಲ. ಗಂಡುಮಗುವಾದರೆ ಅವನ ಟಿಕೆಟ್ಟಿನ ಲೆಕ್ಕ ಹಾಕಿಕೊಳ್ಳಿ. ಆದರೆ 22 ತಿಂಗಳಲ್ಲಿ ಮಗಳಿಗೆ 25 ದಿನ ಶಾಲೆ ತಪ್ಪಿತು, ನನಗೆ ಅಷ್ಟೇ ದಿನದ ಹೊಲಿಗೆ ಕೆಲಸ ಹೋಯಿತು. ದಿನಗೂಲಿಯವರಿಗೆ ಇದು ಸಣ್ಣ ಮಾತಲ್ಲ. ಕ್ಲಿನಿಕ್ಕಾದರೆ ಭಾನುವಾರ ನಡೆದೇ ಹೋಗಿ ಬರುತ್ತಿದ್ದೆವು, ಮಗನಿಗೆ ಶಾಲೆ ತಪ್ಪುತ್ತಿರಲಿಲ್ಲ.

ಒಂದು ರಾತ್ರಿ ತಂತಿಯ ತುದಿ ಮಗಳ ಕೆನ್ನೆಯೊಳಗೆ ಚುಚ್ಚಿ ರಕ್ತ ಬಂತು. ಕಾಲೇಜಿನಲ್ಲಿ ಕೊಟ್ಟ ಮೇಣ ಅಂಟಿಸಿ ಬೆಳಗು ಮಾಡಿದೆವು. ಬೆಳಗ್ಗೆ ಆ ತುದಿ ಕತ್ತರಿಸಿಕೊಟ್ಟದ್ದು ಅದೇ ಊರಿನ ಕ್ಲಿನಿಕ್, ಒಂದು ರೂಪಾಯಿಯನ್ನೂ ಕೇಳದೆ. ಅದನ್ನು ನಾನು ಮರೆಯುವುದಿಲ್ಲ.

ಇಷ್ಟಾದರೂ ಕೈಗೆ ಬಿಡುವಿದ್ದವರಿಗೆ ನಾನು ಹೇಳುವುದು ಕಾಲೇಜನ್ನೇ. ಪಿ.ಜಿ. ಓದು ಮೂರು ವರ್ಷ. ನಮ್ಮ ಡಾಕ್ಟರಮ್ಮ ಮೊದಲ ವರ್ಷದವರಾಗಿದ್ದರಿಂದ ಕೊನೆಯವರೆಗೂ ಅವರೇ ಸಿಕ್ಕರು. ಕೊನೆಯ ವರ್ಷದವರ ಕೈಗೆ ಹೋದರೆ ನಡುವೆ ಡಾಕ್ಟರ್ ಬದಲಾಗುತ್ತಾರೆ, ಹಾಗಾಗಿ ಯಾವ ವರ್ಷ ಎಂದು ಮೊದಲ ದಿನವೇ ಕೇಳಿ. ಸಂಕೋಚ ಬೇಡ.

ನಾದಿನಿಯ ಮಗಳಿಗೆ ಈಗ 8. ಕ್ಲಿಪ್ಪಿಗೆ ಅವಸರವಿಲ್ಲ, ಆದರೆ ಒಮ್ಮೆ ತೋರಿಸಿಕೊಂಡು ಬಾ ಅಂದಿದ್ದೇನೆ. ದಸರಾ ರಜೆಯಲ್ಲಿ ನಾನೇ ಜೊತೆಗೆ ಹೋಗುತ್ತೇನೆ.