ಅರ್ಧಕ್ಕೆ ಬಿಟ್ಟ ಎಂಬಿಎ, ಗಂಟೆ ಲೆಕ್ಕದ ಕೌನ್ಸೆಲಿಂಗ್: ಐದಕ್ಕೆ ಮೂರು ಸ್ಟಾರ್

ಈ ಅಡ್ಮಿಷನ್ ಕೌನ್ಸೆಲಿಂಗ್ ಸೇವೆಗೆ ಸೇರಿಕೊಂಡಾಗ ನಾನು ಆಗಲೇ ಒಂದು ಕಡೆ ಎಂಬಿಎ ಓದುತ್ತಿದ್ದೆ. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಇತ್ತು. ಅದನ್ನು ಬಿಟ್ಟು ಬೇರೆ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಬೇಕು ಅಂತ ತಲೆಯಲ್ಲಿ ಕೂತಿತ್ತು. ಕಂಪನಿ ಹೆಸರು ಬೇಡ ಬಿಡಿ. ಹತ್ತು ಗಂಟೆಯ ಪ್ಯಾಕೇಜ್, ವಿಡಿಯೋ ಕಾಲ್‌ನಲ್ಲಿ ಸಿಗುವ ಒಬ್ಬರು ಕೌನ್ಸೆಲರ್, ಜೊತೆಗೆ ಎಸ್ಸೆ, ಅಂದರೆ ಅರ್ಜಿಯ ಜೊತೆ ಕೊಡುವ ಪ್ರಬಂಧ, ತಿದ್ದಿಕೊಡುವ ಒಂದು ಟೀಮ್. ಇಷ್ಟು ಕೊಡುತ್ತಾರೆ.

ಬಿಟ್ಟಿದ್ದು ಯಾಕೆ? ನಾನು ನಾಲ್ಕು ವರ್ಷ ಗೋದಾಮಿನಲ್ಲಿ ಕೆಲಸ ಮಾಡಿದವನು. ಆಪರೇಷನ್ಸ್, ಅಂದರೆ ಸರಕು, ಗೋದಾಮು, ಉತ್ಪಾದನೆಯಂಥ ಕೆಲಸ ನಡೆಸುವ ವಿಷಯ, ಓದಲೆಂದೇ ಸೇರಿದ್ದೆ. ಸೇರಿದ ಮೇಲೆ ಗೊತ್ತಾಯಿತು, ಸಾಕಷ್ಟು ಜನ ಆರಿಸಿಕೊಂಡರೆ ಮಾತ್ರ ಆ ವಿಷಯ ನಡೆಸುತ್ತಾರೆ. ನಮ್ಮ ಬ್ಯಾಚಿನಲ್ಲಿ ಕೈ ಎತ್ತಿದ್ದು ಒಂಬತ್ತು ಜನ. ಮುಗೀತು.

ಮೊದಲ ಕಾಲ್‌ನಲ್ಲಿ ನಾನು ದೊಡ್ಡ ಬುದ್ಧಿವಂತನ ಹಾಗೆ ಎರಡು ಮಾತು ಹೇಳಿದೆ. ಒಂದು, ನಾಳೆಯಿಂದ ಕ್ಲಾಸಿಗೆ ಹೋಗಲ್ಲ. ಎರಡು, ಈಗ ಓದಿದ್ದನ್ನು ಹೊಸ ಕಡೆ ಟ್ರಾನ್ಸ್‌ಫರ್ ಮಾಡಿಸಿಕೊಳ್ತೀನಿ.

ಕೌನ್ಸೆಲರ್ ಮೇಡಂ ನಗಲಿಲ್ಲ, ಅದು ಅವರ ದೊಡ್ಡತನ. "ಹೆಸರು ಹಾಜರಿಯಲ್ಲಿ ಇದ್ದು ನೀವು ಪರೀಕ್ಷೆಗೆ ಹೋಗದಿದ್ದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಾಲಾಗಿ ಫೇಲ್ ಬಂದು ಕೂರಬಹುದು. ಆ ಹಾಳೆಯನ್ನ ನೀವೇ ಮುಂದಿನ ಕಾಲೇಜಿಗೆ ಕಳಿಸಬೇಕು, ನೋಡಿಕೊಳ್ಳಿ" ಅಂದರು. ಪರೀಕ್ಷೆ ಬರೆದು, ಫಲಿತಾಂಶ ಬಂದ ಮೇಲೆ ಬಿಡುವ ಪತ್ರ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ ಅಂತ ಹೇಳಿಕೊಟ್ಟರು. ಹಾಗೇ ಮಾಡಿದೆ. ಇಷ್ಟವಿಲ್ಲದ ಐದು ಪೇಪರಿಗೆ ರಾತ್ರಿಯೆಲ್ಲಾ ಓದುವುದು ಎಂಥಾ ಶಿಕ್ಷೆ ಅಂತ ಓದಿದವರಿಗೇ ಗೊತ್ತು.

ಟ್ರಾನ್ಸ್‌ಫರ್ ವಿಷಯದಲ್ಲೂ ಕನಸು ಒಡೆಯಿತು. ಹಾರ್ವರ್ಡ್, ವಾರ್ಟನ್ ಥರದ ಬಿಸಿನೆಸ್ ಸ್ಕೂಲುಗಳಲ್ಲಿ ಬೇರೆ ಎಂಬಿಎಯ ಕ್ರೆಡಿಟ್, ಅಂದರೆ ಅಲ್ಲಿ ಓದಿ ಮುಗಿಸಿದ ವಿಷಯಗಳ ಲೆಕ್ಕ, ಒಪ್ಪುವುದಿಲ್ಲ. ಎಲ್ಲರ ಜೊತೆ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಮೊದಲ ವರ್ಷದ ಕೋರ್ ವಿಷಯಗಳನ್ನು ಒಂದೇ ಗುಂಪು ಒಟ್ಟಿಗೆ ಓದುವುದೇ ಅಲ್ಲಿನ ಪದ್ಧತಿ, ಮಧ್ಯದಲ್ಲಿ ಹತ್ತುವುದಕ್ಕೆ ಬಸ್ಸಲ್ಲ ಅದು. ನನ್ನ ಆರು ತಿಂಗಳು ನೀರಿಗೆ ಹೋಯಿತು ಅಂತ ಆವತ್ತೇ ಲೆಕ್ಕ ಬರೆದುಬಿಟ್ಟೆ.

ಎರಡನೇ ಕಾಲ್‌ನಲ್ಲಿ ನಾಚಿಕೆ ಬಿಟ್ಟು ಕೇಳಿದೆ, "ಒಂದೇ ಸೆಮಿಸ್ಟರ್ ತಾನೇ ಮೇಡಂ, ಹೇಳದೇ ಇದ್ದರೆ ಆಗಲ್ವಾ?" ಅವರು ಅರ್ಜಿಯ ಪುಟವನ್ನೇ ಸ್ಕ್ರೀನ್ ಮೇಲೆ ತೆರೆದರು. ಡಿಗ್ರಿ ಸಿಕ್ಕಿರಲಿ ಬಿಡಲಿ, ಸೇರಿದ ಎಲ್ಲಾ ಕಾಲೇಜುಗಳ ಹೆಸರು ಬರೆಯಿರಿ ಅಂತ ಸಾಫ್ ಸೀದಾ ಇತ್ತು. ಕೊನೇ ಪುಟಕ್ಕೆ ಇಳಿಸಿ, ಎಲ್ಲಾ ನಿಜ ಅಂತ ಸಹಿ ಹಾಕುವ ಜಾಗದ ಮೇಲೆ ಮೌಸ್ ತಂದು ಸುಮ್ನೆ ನಿಲ್ಲಿಸಿದರು. ಮಾತಿಲ್ಲ. ಆಮೇಲೆ, "ಸೀಟು ಸಿಕ್ಕ ಮೇಲೂ ದಾಖಲೆ ಪರಿಶೀಲನೆ ಮಾಡ್ತಾರೆ. ಆಗ ಸಿಕ್ಕಿಬಿದ್ದರೆ ಸೀಟೂ ಹೋಗುತ್ತೆ" ಅಂದರು. ನಾನು ಕೊಟ್ಟ ದುಡ್ಡಿಗೆ ಬೆಲೆ ಬಂದಿದ್ದು ಈ ಅರ್ಧ ನಿಮಿಷದಲ್ಲಿ. ಅವರು ಕೇಳಿದ ಇನ್ನೊಂದು ಪ್ರಶ್ನೆಯೂ ನೆನಪಿದೆ: "ಸೇರುವಾಗ ಗೊತ್ತಿಲ್ಲದೇ ಇದ್ದದ್ದು ಈಗೇನು ಗೊತ್ತಾಗಿದೆ?" ಬಿಟ್ಟಿದ್ದಕ್ಕೆ ಕಾರಣ ಕೊಡುವ ಐಚ್ಛಿಕ ಎಸ್ಸೆಗೆ ಅದೇ ಬೀಜವಾಯಿತು.

ಇನ್ನು ಬೈಗುಳ.

ಜಿಮ್ಯಾಟ್ ಅಂದರೆ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಲು ಬರೆಯುವ ಪರೀಕ್ಷೆ. ಅವರು ಕೊಟ್ಟ ಕಾಲೇಜುಗಳ ಪಟ್ಟಿಯಲ್ಲಿ ಒಂದರ ಸರಾಸರಿ ಜಿಮ್ಯಾಟ್ ಅಂಕ 655 ಅಂತಿತ್ತು. ನನ್ನದು 680. ಪಕ್ಕದಲ್ಲಿ ಹಸಿರು ಬಣ್ಣ, "ಸೇಫ್". ಖುಷಿಯಲ್ಲಿ ಎರಡು ದಿನ ಇದ್ದೆ. ಆಮೇಲೆ ಹೊಳೆಯಿತು, ನನ್ನದು ಹಳೆಯ ಪರೀಕ್ಷೆಯ ಅಂಕ. ಹೊಸ ಜಿಮ್ಯಾಟ್ 2023ರ ನವೆಂಬರ್‌ನಲ್ಲಿ ಬಂತು, 205ರಿಂದ 805ರವರೆಗೆ, ಅದರ ಅಂಕಗಳೆಲ್ಲಾ 5ರಲ್ಲೇ ಮುಗಿಯುತ್ತವೆ. ಹಳೆಯದು 200ರಿಂದ 800, ಕೊನೆಗೆ ಸೊನ್ನೆ. ಹೊಸದರ 645 ಹೆಚ್ಚುಕಡಿಮೆ ಹಳೆಯ 700ಕ್ಕೆ ಸಮ. ಅಂದರೆ ನಾನು ಆ ಸರಾಸರಿಗಿಂತ ಮೇಲಲ್ಲ, ಚೆನ್ನಾಗಿಯೇ ಕೆಳಗಿದ್ದೆ! ಅಂಕ ಐದು ವರ್ಷ ನಡೆಯುತ್ತದೆ, ಹಾಗಾಗಿ ಹಳೆಯ ಅಂಕ ಹಿಡಿದು ಬರುವವರು ಈಗಲೂ ಇದ್ದೇ ಇರುತ್ತಾರೆ. ದಿನಾ ಇದೇ ಕೆಲಸ ಮಾಡುವವರು ಕೊನೆಯ ಅಂಕೆ ನೋಡಬೇಡವಾ? ಹೇಳಿದ ಮೇಲೆ ಸಾರಿ ಕೇಳಿ ಪಟ್ಟಿ ಬದಲಿಸಿದರು, ಸರಿ. ಆದರೆ ಕಂಡುಹಿಡಿದವನು ನಾನು.

ಎಸ್ಸೆ ಟೀಮ್ ಕಥೆ ಇನ್ನೂ ಚೆನ್ನಾಗಿದೆ. ನಾನು ಬರೆದಿದ್ದು: "ಮಾರ್ಕೆಟಿಂಗ್ ಕ್ಲಾಸಿನ ಕೊನೇ ಬೆಂಚಿನಲ್ಲಿ ಕೂತು, ಹಳೆಯ ಗೋದಾಮಿನಲ್ಲಿ ರ‍್ಯಾಕ್‌ಗಳನ್ನು ಹೇಗೆ ತಿರುಗಿಸಿ ಇಟ್ಟಿದ್ದರೆ ಓಡಾಟ ಕಡಿಮೆಯಾಗುತ್ತಿತ್ತು ಅಂತ ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸುತ್ತಿದ್ದೆ." ತಿದ್ದಿ ಬಂದಿದ್ದು: "ಪೂರೈಕೆ ಸರಪಳಿ ಕ್ಷೇತ್ರದಲ್ಲಿ ಪರಿವರ್ತನೆ ತರುವ ನನ್ನ ಅಚಲ ಬದ್ಧತೆ." ಬೆಂಚೂ ಇಲ್ಲ, ರ‍್ಯಾಕೂ ಇಲ್ಲ, ನಾನಂತೂ ಇಲ್ಲವೇ ಇಲ್ಲ. ಮೂರು ಸಲ ವಾಪಸ್ ಕಳಿಸಿದೆ, ಮೂರು ಸಲವೂ ಬದ್ಧತೆಯೇ ಬಂತು. ಕೊನೆಗೆ ನನ್ನದನ್ನೇ ಹಾಕಿದೆ, ಕಾಗುಣಿತ ಮಾತ್ರ ಅವರದ್ದು.

ಶಿಫಾರಸು ಪತ್ರದ ಬಗ್ಗೆ ಹೇಳಿದ್ದು ಸರಿಯಾಗಿತ್ತು. ಈಗಿನ ಪ್ರೊಫೆಸರನ್ನು ಪೀಡಿಸಬೇಡಿ, ಹಳೆಯ ಬಾಸ್ ಹತ್ತಿರ ಹೋಗಿ ಅಂದರು. ಬಾಸ್ ಒಂದೇ ಫೋನಿಗೆ ಒಪ್ಪಿದರು, "ವಾಪಸ್ ಕೆಲಸಕ್ಕೆ ಬಾರಪ್ಪಾ" ಅಂತ ಎರಡು ಸಲ ಹೇಳಿದ ಮೇಲೆ.

ನಾಲ್ಕು ಕಡೆ ಎರಡನೇ ರೌಂಡಿನಲ್ಲಿ, ಅಂದರೆ ಅರ್ಜಿ ತೆಗೆದುಕೊಳ್ಳುವ ಎರಡನೇ ಸುತ್ತಿನಲ್ಲಿ, ಅರ್ಜಿ ಹಾಕಿದೆ. ಎರಡು ಕಡೆ ಇಲ್ಲ ಅಂದರು. ಒಂದು ಕಡೆ ಸಿಕ್ಕಿದೆ, ಆಪರೇಷನ್ಸ್ ಚೆನ್ನಾಗಿರುವ ಕಡೆಯೇ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ, "ಇಲ್ಲಿಂದಲೂ ಬಿಟ್ಟು ಹೋಗ್ತೀರಾ?" ಎರಡನೆಯದು ಆ ರ‍್ಯಾಕ್ ಚಿತ್ರದ ಬಗ್ಗೆ. ಹಾಳೆ ತೆಗೆದು ಬಿಡಿಸಿ ತೋರಿಸಿದೆ.

ಮೇಡಂಗೆ ಐದು ಸ್ಟಾರ್, ಪಟ್ಟಿಗೆ ಎರಡು, ಎಸ್ಸೆ ಟೀಮಿಗೆ ಒಂದು. ನಾಲ್ಕನೇ ಕಡೆ ವೇಟ್‌ಲಿಸ್ಟ್‌ನಲ್ಲಿ ಇದ್ದೇನೆ. ಪ್ಯಾಕೇಜಿನಲ್ಲಿ ಇನ್ನೂ ನಲವತ್ತು ನಿಮಿಷ ಉಳಿದಿದೆ. ಆ ನಾಲ್ಕನೇ ಕಾಲೇಜಿಗೆ ಬರೆಯುವ ಪತ್ರವನ್ನು ಮೇಡಂಗೆ ಓದಿ ಹೇಳ್ತೀನಿ, ಫೈಲ್ ಮಾತ್ರ ಕಳಿಸಲ್ಲ.